ಬೂರಣ್ಣನ ನಕಾರ

ಮೊದಲು ‘ಟಕ್’ ಎಂದು ಸ್ವಿಚ್ಚಿನ ಸದ್ದು. ಅದರ ಬೆನ್ನಿಗೇ ದಪ್ಪ ಬಟ್ಟೆ ಹರಿದಂತೆ ಕರಕರ. ಆಮೇಲೆ ಮೂಗಿನಿಂದ ಎಳೆದುಕೊಂಡ ಉದ್ದನೆಯ ಒಂದು ಉಸಿರು, ಓಣಿಯ ಎಲ್ಲ ಮನೆಗಳಿಗೂ ಕೇಳುವಷ್ಟು ದೊಡ್ಡದು. ಕೊನೆಗೆ ಮಾತು: “ದಯವಿಟ್ಟು ಗಮನಿಸಿ.”

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೆಳಗಾಗುವುದೇ ಹೀಗೆ. ಹಾಲಿನವನು ತಡ ಮಾಡಬಹುದು, ನಲ್ಲಿ ಕೈಕೊಡಬಹುದು. ಧ್ವನಿವರ್ಧಕ ಮಾತ್ರ ತಪ್ಪುವುದಿಲ್ಲ. ಮೈಕಿನ ಮುಂದೆ ಕೂತವನ ಹೆಂಡತಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು ಆ ಉಸಿರಿಗೆ ಕಿವಿಗೊಡುತ್ತಿದ್ದಳು. ಉಸಿರು ಸಲೀಸಾಗಿ ಒಳಗೆ ಹೋದರೆ ಮಾತ್ರೆ ಕೆಲಸ ಮಾಡಿದೆ. ನಡುವೆ ಸಣ್ಣ ಸೀಟಿ ಬಂದರೆ ಒಂದು ಹೊಳ್ಳೆ ಮುಚ್ಚಿದೆ. ಉಸಿರೇ ಇಲ್ಲದೆ ಮಾತು ಶುರುವಾದರೆ ಎರಡೂ ಬಂದ್. ಅಂಥ ದಿನ ಗಂಡ ಹಣೆ ಹಿಡಿದುಕೊಂಡೇ ಮನೆಗೆ ಬರುತ್ತಾನೆ, ದೀಪ ಆರಿಸು ಅನ್ನುತ್ತಾನೆ, ಅಡುಗೆ ಸಪ್ಪೆ ಅನ್ನುತ್ತಾನೆ. ಅಡುಗೆ ಸರಿಯಾಗಿಯೇ ಇರುತ್ತದೆ. ವಾಸನೆ ಹತ್ತದಿರುವುದು ಅವನಿಗೆ.

ಅವಳನ್ನು ಎಲ್ಲರೂ ಸೀಟಕ್ಕ ಅನ್ನುತ್ತಿದ್ದರು. ನಿಲ್ದಾಣದ ಅಂಗಳಕ್ಕೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಬಸ್ಸಿನ ಸೀಟುಗಳಿಗೆ ರೆಕ್ಸಿನ್ ಹೊದಿಕೆ ಹೊಲಿಯುವುದು ಅವಳ ಕೆಲಸ. ದೂರದ ಊರಿಗೆ ಹೋಗುವವರು ಆರಾಮಾಗಿ ನಿದ್ದೆ ಹೋಗುವುದು ತನ್ನ ಹೊಲಿಗೆಯ ಮೇಲೆ ಎಂದು ಅವಳಿಗೆ ಒಳಗೊಳಗೇ ಸ್ವಲ್ಪ ಜಂಬ. ಅವಳ ಪಕ್ಕದಲ್ಲಿ ಫೋಮು ಕತ್ತರಿಸುವ ದಪ್ಪ ಮನುಷ್ಯನಿಗೆ ಸ್ಪಂಜಣ್ಣ ಎಂದು ಹೆಸರು. ಆ ಅಂಗಳದಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಉಳಿಸಿಕೊಂಡವರು ಯಾರೂ ಇರಲಿಲ್ಲ.

ಅವಳ ಗಂಡನಂತೂ ತನ್ನ ಹೆಸರನ್ನು ತನ್ನ ಬಾಯಿಂದಲೇ ಕಳೆದುಕೊಂಡವನು. ಅವನು ಬೂರಣ್ಣ.

ಆ ಹೆಸರು ಹುಟ್ಟಿದ್ದು ಅವರಿಬ್ಬರ ಮೊದಲ ಜಗಳದಲ್ಲಿ. ಆಗ ಅವಳಿಗೆ ಮದುವೆಯಾಗಿರಲಿಲ್ಲ. ಚಿಕ್ಕಮ್ಮನ ಮನೆಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದಳು. ಮೈಕಿನಲ್ಲಿ ಬಂದದ್ದನ್ನು ‘ಆರನೇ ಪ್ಲಾಟ್‌ಫಾರಂ’ ಎಂದು ಕೇಳಿಸಿಕೊಂಡು ಅಲ್ಲಿ ಹೋಗಿ ನಿಂತಳು. ಬಸ್ಸು ಮೂರನೆಯದಕ್ಕೆ ಬಂದು, ಜನರನ್ನು ತುಂಬಿಕೊಂಡು, ಅವಳ ಕಣ್ಣೆದುರೇ ಹೋಯಿತು. ಅವಳು ಚೀಲ ಎತ್ತಿಕೊಂಡು ನೇರ ಮೈಕಿನ ಕೋಣೆಯ ಗಾಜಿನ ಕಿಂಡಿಗೆ ಬಂದಳು.

“ಆರನೇದು ಅಂತ ನೀವೇ ಕೂಗಿ, ಈಗ ಬಸ್ಸು ಹೋಯ್ತು ಅಂದ್ರೆ ನಾನೇನು ಓಡ್ಕೊಂಡು ಹೋಗ್ಲಾ?”

ಒಳಗಿದ್ದ ಕಡ್ಡಿಯಂಥ ಹುಡುಗ ಕೆಂಪು ಮೂಗು ಒರೆಸಿಕೊಂಡ. “ಆರು ಅಂದಿಲ್ಲ. ಬೂರು ಅಂದೆ.”

“ಬೂರು ಅಂದ್ರೆ ಎಷ್ಟು?”

ಅವನು ಮೂರು ಬೆರಳು ಎತ್ತಿ ಗಾಜಿಗೆ ಒತ್ತಿ ತೋರಿಸಿದ.

“ನಮ್ಮ ಕಡೆ ಅದಕ್ಕೆ ಮೂರು ಅಂತಾರೆ.”

“ದಾದೂ ಅದೇ ಅಂದೆ.”

ಸುತ್ತ ನಿಂತಿದ್ದ ಡ್ರೈವರು ಕಂಡಕ್ಟರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಗು ತಡೆಯಲಾರದೆ ಮುಖ ತಿರುಗಿಸಿದಳು. ಅಂದಿನಿಂದ ಅವನು ಬೂರಣ್ಣ. ಮುಂದಿನ ಬಸ್ಸು ಬರುವವರೆಗೆ ಅವಳಿಗೆ ಕೂರಲು ಅವನು ತನ್ನ ಸ್ಟೂಲನ್ನೇ ಕೊಟ್ಟ, ತಾನು ನಿಂತೇ ಕೂಗಿದ. ಮಿಕ್ಕಿದ್ದು ತಾನಾಗಿ ಆಯಿತು.

ಅವನ ಮೂಗಿನ ತಂಟೆ ಹುಟ್ಟಿನಿಂದ ಬಂದದ್ದು. “ಹುಟ್ಟಿದಾಗ ಅತ್ತಿದ್ದೂ ಮೂಗಲ್ಲೇ ಕಣೇ,” ಎಂದು ಅತ್ತೆ ಹೇಳುತ್ತಿದ್ದಳು. “ಸೂಲಗಿತ್ತಿ ಹೆದರಿ, ಇದು ಮಗುವೋ ಬೆಕ್ಕೋ ಅಂದ್ಲು.” ಹಣೆಯ ಹಿಂದೆ, ಕೆನ್ನೆಯ ಮೂಳೆಯ ಹಿಂದೆ ಇರುವ ಖಾಲಿ ಗೂಡುಗಳು ಊದಿಕೊಂಡು, ಕೀವು ಕಟ್ಟಿ, ಇಳಿದು, ಮತ್ತೆ ಊದಿಕೊಳ್ಳುತ್ತಿದ್ದವು. ಸೈನಸ್ ಎಂಬ ಮಾತು ಆ ಮನೆಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೆ ಅದು ಬರೀ ‘ಇವರ ಮೂಗು’. ಇವರ ಮೂಗು ಇವತ್ತು ಸರಿಯಿಲ್ಲ, ಇವರ ಮೂಗಿಗೆ ಮೋಡ ಆಗಿಬರಲ್ಲ, ಎಂದು ಮನೆಯವರು ಒಬ್ಬ ಹಟಮಾರಿ ನೆಂಟನ ಬಗ್ಗೆ ಮಾತಾಡುವಂತೆ ಮಾತಾಡುತ್ತಿದ್ದರು.

ಮೂಗು ಕಟ್ಟಿದಾಗ ಅವನ ಬಾಯಲ್ಲಿ ‘ಮ’ ಎಲ್ಲ ‘ಬ’ ಆಗುತ್ತಿತ್ತು, ‘ನ’ ಎಲ್ಲ ‘ದ’. ಮದುವೆಯಾದ ಹೊಸತರಲ್ಲಿ ಹೆಂಡತಿಯ ಅಪ್ಪನನ್ನು ‘ಬನ್ನಿ ಮಾವ’ ಎಂದು ಕರೆಯಹೋಗಿ ‘ಬದ್ದಿ ಬಾವ’ ಎಂದುಬಿಟ್ಟ. ಮುದುಕ ಮಗಳನ್ನು ಪಕ್ಕಕ್ಕೆ ಕರೆದು ಕೇಳಿದ: “ನಿನ್ನ ಗಂಡ ನನ್ನನ್ನ ಬಾವ ಅಂತಾನಲ್ಲೇ! ನಾನು ಇವನ ಅಕ್ಕನ್ನ ಯಾವಾಗ ಕಟ್ಕೊಂಡೆ?”

ಮನೆಯಲ್ಲಿ ನಗೆಯಾಗಿದ್ದದ್ದು ಕೆಲಸದಲ್ಲಿ ನಗೆಯಾಗಿ ಉಳಿಯಲಿಲ್ಲ. ತಪ್ಪಾಗಿ ಕೇಳಿಸಿಕೊಂಡು ಬಸ್ಸು ತಪ್ಪಿಸಿಕೊಂಡವರೆಲ್ಲ ಅವಳಂತೆ ಸ್ಟೂಲಿನ ಮೇಲೆ ಕೂತು ಸಮಾಧಾನ ಆಗುವವರಲ್ಲ. ದೂರುಗಳು ಬಂದವು. ನಿಲ್ದಾಣದ ಕಂಟ್ರೋಲರ್ ಒಳ್ಳೆಯವರೇ, ಆದರೂ ಒಂದು ದಿನ ಹೇಳಿದರು: “ನೋಡಯ್ಯಾ, ನಿನ್ನ ದನಿ ಚಿನ್ನ. ಮೂಗು ಕಬ್ಬಿಣ. ಏನಾದ್ರೂ ಮಾಡು.”

ಎದುರಿನ ಮೆಡಿಕಲ್ ಶಾಪಿನವನು ಒಂದು ಸಣ್ಣ ಮಾತ್ರೆ ಕೊಟ್ಟ. ಇದನ್ನು ನುಂಗು, ಅರ್ಧ ಗಂಟೆಯಲ್ಲಿ ಬಾಗಿಲು ತೆಗೀತದೆ ಅಂದ. ನಿಜವಾಗಿಯೂ ತೆಗೆಯಿತು. ಆ ದಿನ ಅಂಗಳದಲ್ಲಿ ಮೊದಲ ಸಲ ‘ಮೂರನೇ ಪ್ಲಾಟ್‌ಫಾರಂ’ ಎಂಬ ಮಾತು ಗಂಟೆಯ ನಾದದಂತೆ ತೇಲಿಬಂದಾಗ ಡ್ರೈವರುಗಳು ಹಾರನ್ ಹೊಡೆದು ಕುಣಿದರು. ಸಂಜೆ ಮನೆಗೆ ಬಂದವನು ಹೊಸಿಲಲ್ಲೇ ನಿಂತು ಹೆಂಡತಿಗೆ ಹೇಳಿದ: “ನಾನು. ನೀನು. ನಮ್ಮ ಮನೆ.”

“ಏನ್ರೀ ಆಯ್ತು ನಿಮಗೆ?”

“ಏನಿಲ್ಲ. ನಾನು, ನೀನು, ನಮ್ಮ ಮನೆ. ಕೇಳು, ಎಷ್ಟು ಚೆನ್ನಾಗಿ ಬರ್ತಾ ಇದೆ!”

ಅವಳು ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಹಿಡಿದುಕೊಂಡು ಕೇಳಿದಳು. ಅವನು ತನ್ನ ‘ನ’ದ ಮೇಲೆ ತಾನೇ ಮರುಳಾಗಿದ್ದ. ಅಂಥ ಸಂತೋಷವನ್ನು ಅವಳು ಅವನ ಮುಖದಲ್ಲಿ ಮತ್ತೆ ಕಂಡದ್ದು ಅಪರೂಪ.

ಹೀಗೆ ಆ ಮಾತ್ರೆ ಮನೆಯ ಪದ್ಧತಿಯಾಯಿತು. ಬೆಳಗಿನ ಚಹಾದ ಜೊತೆ ಒಂದು, ಮೈಕಿನ ಮುಂದೆ ಕೂರುವ ಮುಂಚೆ. ನೆಗಡಿಯಿದ್ದರೂ ಒಂದು, ಇಲ್ಲದಿದ್ದರೂ ಒಂದು. ಮೈಕಿನ ಕೋಣೆಯೊಳಗೆ ಡೀಸೆಲ್ ಹೊಗೆ, ಫ್ಯಾನು ಕಲಕುವ ಧೂಳು. ಸಂಜೆ ಮಾತ್ರೆಯ ಬಲ ಇಳಿಯುವ ಹೊತ್ತಿಗೆ ಧ್ವನಿವರ್ಧಕದಲ್ಲಿ ‘ನ’ ನಿಧಾನವಾಗಿ ‘ದ’ದ ಕಡೆ ಜಾರುವುದನ್ನು ಸೀಟಕ್ಕ ಹೊಲಿಗೆ ಯಂತ್ರದ ಸದ್ದಿನ ನಡುವೆಯೂ ಗುರುತಿಸುತ್ತಿದ್ದಳು. ಕೆಲವು ರಾತ್ರಿ ಎದೆ ಡವಗುಟ್ಟುತ್ತದೆ, ನಿದ್ದೆ ಬರದು ಎನ್ನುತ್ತಿದ್ದ. ಬಿ.ಪಿ. ತೋರಿಸಿಕೊಂಡು ಬನ್ನಿ ಎಂದರೆ, “ಮೂಗಿಗೂ ಬಿ.ಪಿ.ಗೂ ಎಲ್ಲಿಂದೆಲ್ಲಿಯ ನೆಂಟಸ್ತನ?” ಎಂದು ಮಗ್ಗುಲು ಬದಲಿಸುತ್ತಿದ್ದ. ಅವಳಿಗೂ ಅದು ಸರಿಯೆನಿಸುತ್ತಿತ್ತು. ಆ ಮನೆಯಲ್ಲಿ ತಲೆನೋವು ಬಂದರೆ ಮೂಗು, ಸಿಟ್ಟು ಬಂದರೆ ಮೂಗು, ಸುಸ್ತಾದರೆ ಮೂಗು. ಬೇರೆ ಕಾಯಿಲೆಗೆ ಒಳಗೆ ಬರಲು ಜಾಗವೇ ಇರಲಿಲ್ಲ.

ಅಂದು ಬೆಳಿಗ್ಗೆಯೂ ಹಾಗೇ. ವಾರದಿಂದ ಅವನ ಎಡಗೆನ್ನೆ ಭಾರ, ಹಲ್ಲಿನ ಬುಡದವರೆಗೆ ನೋವು. ಅತ್ತೆ ಬಿಸಿನೀರಿನ ಪಾತ್ರೆ ಮುಂದಿಟ್ಟು, ಟವೆಲು ಹೊದಿಸಿ, ಮಗನ ತಲೆಯನ್ನು ಎಳೆಯ ಮಗುವಿನದೆಂಬಂತೆ ಹಿಡಿದು ಬಗ್ಗಿಸಿದ್ದಳು. ಆವಿ ತೆಗೆದುಕೊಂಡರೂ ಮೂಗು ಬಿಡಲಿಲ್ಲ. ಅವನು ಒಂದರ ಬದಲು ಎರಡು ಮಾತ್ರೆ ನುಂಗಿ ಹೋದ.

ಶೆಡ್ಡಿನಲ್ಲಿ ಸೀಟಕ್ಕ ನೀಲಿ ರೆಕ್ಸಿನ್ನಿನ ಅಂಚು ಮಡಿಸುತ್ತಿದ್ದಳು. ಮೊದಲ ಒಂದೆರಡು ಗಾಡಿಗಳ ಪ್ರಕಟಣೆ ಚೊಕ್ಕವಾಗಿ ಬಂತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಮತ್ತೆ ‘ಟಕ್’, ಕರಕರ, ಮತ್ತು ಮಾತು. ನಾಲಗೆ ಎಲ್ಲೋ ಎಡವಿದಂತೆ, ಒದ್ದೆಯಾಗಿ, ಎಳೆದೆಳೆದು.

ಸ್ಪಂಜಣ್ಣ ಕತ್ತಿ ನಿಲ್ಲಿಸಿ ನಕ್ಕ. “ಏನಕ್ಕಾ, ಇವತ್ತು ಮೂಗಿಗೆ ಬೀಗಾನೇ ಹಾಕಿ ಕಳಿಸಿದ್ದೀಯಾ?”

“ಎರಡು ನುಂಗಿ ಹೋಗಿದಾರೆ, ಆದ್ರೂ ಹಿಂಗೆ,” ಎಂದು ಅವಳೂ ನಕ್ಕಳು. ನಕ್ಕು, ಯಂತ್ರದ ಪೆಡಲು ಒತ್ತಿದಳು.

ಮತ್ತೆ ಬಂತು ಧ್ವನಿ. “ನಯವಿಟ್ಟು ಗಮನಿಸಿ. ಮಸ್ಸು...”

ಅವಳ ಕಾಲು ಪೆಡಲಿನ ಮೇಲೇ ನಿಂತಿತು.

“ಸ್ಪಂಜಣ್ಣಾ, ಏನಂದ್ರು ಈಗ?”

“ನಯವಿಟ್ಟು ಅಂದ. ದಿನಾ ಗಬದಿಸಿ ಅಂತಿದ್ದ, ಇವತ್ತು ನಯ ನಾಜೂಕು ಬಂದಿದೆ ನಿನ್ನ ಗಂಡಂಗೆ.”

ಅವಳು ನಗಲಿಲ್ಲ. ಇಷ್ಟು ವರ್ಷ ಆ ಮೂಗು ‘ನ’ವನ್ನು ನುಂಗಿದ್ದು ಉಂಟು, ಇಲ್ಲದ ಕಡೆ ‘ನ’ವನ್ನು ತಂದು ಕೊಟ್ಟದ್ದಿಲ್ಲ. ಮೂಗು ಕಟ್ಟಿದವನು ‘ಮನೆ’ಯನ್ನು ‘ಬದೆ’ ಅನ್ನುತ್ತಾನೆ, ‘ಬಸ್ಸ’ನ್ನು ‘ಮಸ್ಸು’ ಅನ್ನುವುದು ಹೇಗೆ? ‘ಗಮನಿಸಿ’ ಸರಿಯಾಗಿ ಬಂದಿದೆ, ‘ದಯವಿಟ್ಟು’ ಕೆಟ್ಟಿದೆ. ಇದು ತಿರುಗುಮುರುಗು. ಇದು ಇವರ ಮೂಗಲ್ಲ.

ಅವಳು ಕತ್ತರಿ ಕೈಯಲ್ಲಿ ಹಿಡಿದೇ ಅಂಗಳ ದಾಟಿ ಓಡಿದಳು.

ಮೈಕಿನ ಕೋಣೆಯ ಬಾಗಿಲಲ್ಲಿ ಒಬ್ಬ ಡ್ರೈವರು ನಿಂತು, “ಕೆನ್ನೆ ಊದಿದೆ ಅಕ್ಕಾ, ಬಾಯಿ ಒಂದು ಕಡೆ ಹೋಗಿದೆ, ಸೈನಸ್ಸು ಜೋರು,” ಅಂದ. ಅವಳು ಅವನನ್ನು ಸರಿಸಿ ಒಳಗೆ ಹೋದಳು. ಬೂರಣ್ಣ ಸ್ಟೂಲಿನ ಮೇಲೆ ಒಂದು ಕಡೆಗೆ ವಾಲಿ ಕೂತಿದ್ದ. ಎಡಗೆನ್ನೆ ಊದಿರಲಿಲ್ಲ, ಜೋತುಬಿದ್ದಿತ್ತು. ಎಡಗೈ ಮೇಜಿನ ಮೇಲೆ, ಯಾರೋ ಮರೆತುಹೋದ ಕೈಚೀಲದಂತೆ ಬಿದ್ದಿತ್ತು.

“ರೀ, ನನ್ನ ನೋಡಿ. ಬಸ್ಸು ಅನ್ನಿ.”

“ಮಸ್ಸು.”

“ಬಾಗಿಲು ಅನ್ನಿ.”

“ಮಾಗಿಲು.” ಅವನಿಗೂ ಕೇಳಿಸಿತು. ಕಣ್ಣಲ್ಲಿ ಗಾಬರಿ ಹಣಕಿತು. “ಏನೇ ಇನು, ಮಾಯಿ ನನ್ನ ಮಾತೇ ಕೇಳ್ತಾ ಇಲ್ಲ?”

ಮೈಕು ಇನ್ನೂ ಆನ್ ಆಗಿತ್ತು. ಗಂಡ ಹೆಂಡಿರ ಈ ಪಾಠ ಅಂಗಳಕ್ಕೆಲ್ಲ ಕೇಳಿಸಿತ್ತು. ಮೊದಲು ಎದ್ದ ನಗು ಸಣ್ಣಗಾಗಿ, ಆಮೇಲೆ ಇಡೀ ನಿಲ್ದಾಣದ ಸದ್ದಡಗಿತು. ಕಂಟ್ರೋಲರ್ ಓಡಿಬಂದರು. ತೊಳೆಯಲೆಂದು ಡಿಪೋಗೆ ಹೊರಟಿದ್ದ ಖಾಲಿ ಬಸ್ಸನ್ನು ಅದರ ಡ್ರೈವರು ಮೈಕಿನ ಕೋಣೆಯ ಬಾಗಿಲಿಗೇ ತಂದು ನಿಲ್ಲಿಸಿ, “ಹತ್ತಿಸಿ, ಹತ್ತಿಸಿ. ಆಂಬುಲೆನ್ಸು ಇಲ್ಲಿಗೆ ಬರೋ ಹೊತ್ತಿಗೆ ನಾವು ಅಲ್ಲಿರ್ತೀವಿ,” ಅಂದ. ಆ ಬಸ್ಸಿನಲ್ಲಿ ಅವರಿಬ್ಬರೇ ಪ್ರಯಾಣಿಕರು. ಅವಳು ತಾನೇ ಹೊಲಿದ ಸೀಟಿನಲ್ಲಿ ಗಂಡನ ತಲೆಯನ್ನು ಭುಜಕ್ಕೆ ಆನಿಸಿಕೊಂಡು ಕೂತಳು. ದಾರಿಯುದ್ದಕ್ಕೂ ಹಾರನ್ನು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದು ಒಂದೇ ಮಾತು: ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ? ಸೀಟಕ್ಕನಿಗೆ ಗಡಿಯಾರದ ಲೆಕ್ಕ ತಿಳಿಯದು. ಯಾವ ಬಸ್ಸನ್ನು ಸರಿಯಾಗಿ ಕೂಗಿದರು, ಯಾವುದರಲ್ಲಿ ಕೆಟ್ಟಿತು ಎಂದು ಹೇಳಿದಳು. ಜೊತೆಗಿದ್ದ ಡ್ರೈವರು ಆ ಬಸ್ಸುಗಳ ಹೊತ್ತು ಹೇಳಿದ. ಡಾಕ್ಟರಮ್ಮ ತಲೆಯಾಡಿಸಿ, “ಬೇಗ ಬಂದಿದ್ದೀರಿ, ಚಿಕಿತ್ಸೆಗೆ ಇನ್ನೂ ಸಮಯ ಇದೆ,” ಎಂದು ಸ್ಕ್ಯಾನಿಗೆ ಕಳಿಸಿದರು. ಮಿದುಳಿನ ಒಂದು ರಕ್ತನಾಳಕ್ಕೆ ರಕ್ತ ಹೆಪ್ಪುಗಟ್ಟಿ ಅಡ್ಡ ಕೂತಿತ್ತು. ಬಿ.ಪಿ. ಆಕಾಶ ಮುಟ್ಟಿತ್ತು. ಅದನ್ನು ಮೊದಲು ಇಳಿಸಿ, ಆಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು.

ಎರಡನೆಯ ದಿನ ಅವನು ಹಾಸಿಗೆಯಲ್ಲಿ ಎಡಗೈಯ ಬೆರಳು ಆಡಿಸಿದ ಮೇಲೆ, ಅವಳು ವರಾಂಡದಲ್ಲಿ ಡಾಕ್ಟರಮ್ಮನನ್ನು ತಡೆದು ನಿಲ್ಲಿಸಿದಳು.

“ಅಮ್ಮಾ, ಇದು ಇವರ ಮೂಗಿನಿಂದ ಬಂತಾ?”

ಡಾಕ್ಟರಮ್ಮ ಕನ್ನಡಕವನ್ನು ತಲೆಯ ಮೇಲೆ ಏರಿಸಿ, ಬೆಂಚಿನ ತುದಿಯಲ್ಲಿ ಕೂತರು. ಅವರಿಗೂ ಕಾಲು ಸೋತಿತ್ತು.

“ಮೂಗಿನಿಂದಲೇ ಬಂತು ಅಂತ ನಾನು ಹೇಳಲ್ಲಮ್ಮ. ವರ್ಷಗಟ್ಟಲೆ ಸೈನಸ್ ಊದಿಕೊಂಡೇ ಇರೋರಲ್ಲಿ ಪಾರ್ಶ್ವವಾಯು ಸ್ವಲ್ಪ ಹೆಚ್ಚು ಕಾಣಿಸುತ್ತೆ ಅಂತ ಕೆಲವು ಅಧ್ಯಯನ ಹೇಳ್ತವೆ. ಒಂದು ಕಡೆ ಊತ ಸದಾ ಕೆಣಕ್ತಾ ಇದ್ರೆ ರಕ್ತನಾಳಗಳಿಗೂ ಒಳ್ಳೇದಲ್ಲ ಅನ್ನೋ ಊಹೆ ಇದೆ. ಆದ್ರೆ ಅದೇ ಕಾರಣ ಅಂತ ಗಟ್ಟಿಯಾಗಿ ಸಾಬೀತಾಗಿಲ್ಲ. ಸೈನಸ್ ಇದ್ದೋರಿಗೆಲ್ಲ ಹೀಗಾಗಲ್ಲ, ನೀವು ಓಣಿಯವರನ್ನೆಲ್ಲ ಹೆದರಿಸಬೇಡಿ.”

“ಮತ್ತೆ?”

“ಇವರಿಗೆ ಬಿ.ಪಿ. ಇದೆ, ಯಾವಾಗಿನಿಂದಲೋ ಇದೆ. ಯಾರೂ ನೋಡಿಲ್ಲ. ಅದು ದೊಡ್ಡದು. ಅದರ ಮೇಲೆ ಈ ಮಾತ್ರೆ. ಮೂಗು ತೆರೆಯೋಕೆ ಅದು ಮಾಡೋ ಕೆಲಸ ಏನು ಗೊತ್ತಾ? ರಕ್ತನಾಳ ಬಿಗಿ ಮಾಡುತ್ತೆ. ಮೂಗಿನಲ್ಲಿ ಮಾತ್ರ ಬಿಗಿ ಮಾಡು ಅಂತ ಹೇಳಿದ್ರೆ ಅದು ಕೇಳಲ್ಲ. ನೆಗಡಿಗೆ ಎರಡು ದಿನ ತಗೊಳ್ಳೋದನ್ನ ಇವರು ಊಟದ ಹಾಗೆ ತಗೊಂಡಿದ್ದಾರೆ. ಇನ್ನು ಮೇಲೆ ಒಂದೂ ಬೇಡ.”

“ಮೂಗು ಅಂದ್ಕೊಂಡು ನಾನು ನಕ್ಕೆ, ಅಮ್ಮಾ. ಮೊದಲ ಸಲ ಕೇಳಿದಾಗ.”

“ಎಲ್ಲರೂ ನಗ್ತಾರೆ. ಮುಖ ಒಂದು ಕಡೆ ಬಿದ್ರೆ, ಕೈ ಸೋತ್ರೆ, ಮಾತು ಎಡವಿದ್ರೆ, ನೆಗಡಿ ಅಂತ ಕಾಯಬಾರದು. ನೀವು ಕಾಯಲಿಲ್ಲವಲ್ಲ.” ಕನ್ನಡಕ ಇಳಿಸಿಕೊಂಡು ಅವರು ಎದ್ದರು. “ಮೂಗಿಗೆ ಬೇರೆ ಡಾಕ್ಟರು ನೋಡ್ತಾರೆ. ಉಪ್ಪುನೀರು, ಸ್ಪ್ರೇ. ಆಪರೇಶನ್ ಬೇಕಾದ್ರೂ ಈಗಲ್ಲ, ರಕ್ತ ತೆಳುವಾಗೋ ಔಷಧಿ ನಡೀತಿದೆ.”

ಒಳಗೆ ಹಾಸಿಗೆಯಲ್ಲಿದ್ದವನು ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅವಳು ಬಂದು ಹೊದಿಕೆ ಸರಿಮಾಡುವಾಗ ಕೇಳಿದ: “ಮಾತ್ರೆ ಇಲ್ಲನೆ ನಾನು ಮೈಕಲ್ಲಿ ಕೂರೋನು ಹೇಗೆ?”

ಜೀವ ಉಳಿದದ್ದಕ್ಕೆ ಹೆಂಡತಿ ಒಳಗೇ ಅಳುತ್ತಿದ್ದರೆ ಅವನಿಗೆ ಚಿಂತೆ ಅದು. ಅವಳಿಗೆ ಸಿಟ್ಟು ಬಂತು, ಆ ಸಿಟ್ಟಿನ ಹಿಂದೆಯೇ ಹೆದರಿಕೆಯೂ ಬಂತು. ಈ ಮನುಷ್ಯ ಆ ‘ನ’ಕ್ಕಾಗಿ ಮತ್ತೆ ಮಾತ್ರೆ ನುಂಗಬಲ್ಲ. ಕದ್ದಾದರೂ ನುಂಗಬಲ್ಲ.

ಮನೆಗೆ ಬಂದ ಮೇಲೆ ವಾರಕ್ಕೆರಡು ಸಲ ಮಾತು ಕಲಿಸುವ ತರುಣಿಯ ಬಳಿ ಹೋಗುವುದಾಯಿತು. ಅವನು ಅವಳನ್ನು ಟೀಚರೇ ಎಂದು ಕರೆದ. ವಯಸ್ಸಿನಲ್ಲಿ ಮಗಳಂತಿದ್ದರೂ ಎದ್ದು ನಿಲ್ಲುತ್ತಿದ್ದ. ಕೆನ್ನೆ ಉಬ್ಬಿಸಿ ಗಾಳಿ ಹಿಡಿಯಬೇಕು. ಬಾಯಿಯ ಮುಂದೆ ಕಾಗದದ ಚೂರು ಹಿಡಿದು ‘ಪ’ ಅಂದರೆ ಅದು ಅಲುಗಬೇಕು. ಅಡುಗೆಮನೆಯಲ್ಲಿ ಕೂತು ಪಪಪ, ಬಬಬ ಎಂದು ಅವನು ಅಭ್ಯಾಸ ಮಾಡುವಾಗ ಅತ್ತೆ, “ಇವನ ಬಾಲಲೀಲೆ ಎರಡನೇ ಸಲ ನೋಡೋ ಭಾಗ್ಯ ನಂದು,” ಎಂದು ಕಣ್ಣೊರೆಸಿಕೊಂಡೇ ಗೇಲಿ ಮಾಡುತ್ತಿದ್ದಳು.

“ಒಂದು ರೋಗ ‘ನ’ವನ್ನ ‘ದ’ ಮಾಡುತ್ತೆ, ಇನ್ನೊಂದು ‘ದ’ವನ್ನ ‘ನ’ ಮಾಡುತ್ತೆ,” ಎಂದು ಅವನು ಟೀಚರನ್ನು ಒಮ್ಮೆ ಕೇಳಿದ. “ಎರಡೂ ಒಟ್ಟಿಗೆ ಬಂದ್ರೆ ಸರಿಹೋಗಬೇಕಲ್ವಾ?”

ಟೀಚರು ನಕ್ಕೂ ನಕ್ಕೂ ಕಾಗದ ಕೆಳಗೆ ಬೀಳಿಸಿದಳು.

ತಿಂಗಳುಗಳು ಹೋದವು. ‘ಬಸ್ಸು’ ಬಸ್ಸಾಯಿತು, ‘ಬಾಗಿಲು’ ಬಾಗಿಲಾಯಿತು. ಎಡಗೈ ಮಾತ್ರ ಅಂಗಿಯ ಗುಂಡಿ ಹಾಕುವಾಗ ಸ್ವಲ್ಪ ತಡ ಮಾಡುತ್ತಿತ್ತು, ಎಡಗಾಲು ನಡೆಯುವಾಗ ತುಸು ಹಿಂದೆ ಬೀಳುತ್ತಿತ್ತು. ಕಂಟ್ರೋಲರ್ ಮನೆಗೇ ಬಂದು ಕೂತರು. ಮೇಲಿನವರು ರೆಕಾರ್ಡ್ ಮಾಡಿದ ದನಿ ಹಾಕಿಸೋಣ ಅನ್ನುತ್ತಿದ್ದಾರೆ, ಯಂತ್ರದ ದನಿಗೆ ನೆಗಡಿಯಿಲ್ಲ ಅನ್ನುತ್ತಿದ್ದಾರೆ. “ಸೋಮವಾರ ಅವರು ಬಂದು ಕೇಳ್ತಾರೆ. ನೀನು ಬಂದು ಕೂತು ಕೂಗು. ಜನಕ್ಕೆ ಅರ್ಥ ಆದ್ರೆ ನಾನು ಯಂತ್ರ ಬೇಡ ಅಂತೀನಿ.”

ಅವರು ಹೋದ ಮೇಲೆ ಮನೆಯಲ್ಲಿ ಯಾರೂ ಮಾತ್ರೆಯ ಹೆಸರೆತ್ತಲಿಲ್ಲ. ಆ ಮಾತು ಎಲ್ಲರ ನಾಲಗೆಯ ತುದಿಯಲ್ಲಿ ಕೂತಿತ್ತು.

ಸೋಮವಾರ ಅವಳು ಏಳುವ ಹೊತ್ತಿಗೆ ಅವನು ಸ್ನಾನ ಮುಗಿಸಿ ಹೊರಟುಹೋಗಿದ್ದ. ಅವಳು ಶೆಡ್ಡಿಗೆ ಬಂದು ಕೂತಳು. ಪೆಡಲು ಒತ್ತದೆ ಧ್ವನಿವರ್ಧಕಕ್ಕೆ ಕಿವಿಗೊಟ್ಟಳು. ಆಮೇಲೆ ಸ್ವಿಚ್ಚಿನ ಸದ್ದು, ಮತ್ತು ಉಸಿರು. ಉದ್ದನೆಯ, ಅಡೆತಡೆಯಿಲ್ಲದ, ನೀರಿನಂಥ ಉಸಿರು.

“ದಯವಿಟ್ಟು ಗಮನಿಸಿ. ಮೂರನೇ ಪ್ಲಾಟ್‌ಫಾರಂನಿಂದ...”

ಒಂದಕ್ಷರ ಜಾರಲಿಲ್ಲ. ಸ್ಪಂಜಣ್ಣ ಫೋಮಿನ ಮೇಲೆ ಕೈ ಬಡಿದು, “ಗೆದ್ದ ನೋಡು!” ಎಂದು ಕೂಗಿದ. ಅಂಗಳದಲ್ಲಿ ಹಾರನ್ನುಗಳು ಕೂಗಿದವು. ಸೀಟಕ್ಕನ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ಯಾವ ‘ನ’ ಕೇಳಿದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಅದೇ ‘ನ’ ಈಗ ಎದೆಗೆ ಸೂಜಿಯಂತೆ ಚುಚ್ಚಿತು. ಬರೀ ಉಪ್ಪುನೀರಿಗೆ ಆ ಮೂಗು ಹಾಗೆ ತೆರೆದದ್ದನ್ನು ಅವಳು ಕಂಡಿರಲಿಲ್ಲ.

ಮೇಲಿನವರು ಕೇಳಿ, ತಲೆದೂಗಿ, ಕಾರು ಹತ್ತಿ ಹೋಗುವವರೆಗೆ ಅವಳು ತಡೆದುಕೊಂಡಳು. ಆಮೇಲೆ ಎದ್ದು ಹೋದಳು. ಅವನು ಕೋಣೆಯ ಹೊರಗೆ ಕಂಬಕ್ಕೆ ಒರಗಿ ಚಹಾ ಕುಡಿಯುತ್ತಿದ್ದ.

“ಜೇಬು ತೋರಿಸಿ.”

“ಇದೇನೇ, ಪೊಲೀಸರ ಥರ?”

“ತೋರಿಸಿ ಅಂದೆ.”

ಅವನು ಲೋಟ ಕಟ್ಟೆಯ ಮೇಲಿಟ್ಟು, ನಿಧಾನದ ಎಡಗೈಯಿಂದ ಒಂದು ಜೇಬು, ಬಲಗೈಯಿಂದ ಇನ್ನೊಂದು ಜೇಬು ಹೊರಗೆಳೆದ. ಕರವಸ್ತ್ರ, ಮೂಗಿನ ಸ್ಪ್ರೇ, ಕೋಣೆಯ ಬೀಗದಕೈ.

“ನುಂಗಿ ಬಂದ್ರಾ? ನಿಜ ಹೇಳಿ. ನಿಮ್ಮಮ್ಮನಾಣೆ ಹೇಳಿ.”

“ಮೆಡಿಕಲ್ ಶಾಪಿನವನು ಬೆಳಿಗ್ಗೆ ಕರೆದ ಕಣೇ. ಇವತ್ತೊಂದು ದಿನ, ನನ್ನ ಕಡೆಯಿಂದ, ಅಂತ ಕೈಗೇ ಹಾಕಿದ.” ಅವನು ಅಂಗೈ ನೋಡಿಕೊಂಡ. “ತುಂಬ ಹೊತ್ತು ಹಿಡ್ಕೊಂಡಿದ್ದೆ. ಸುಳ್ಳು ಯಾಕೆ ಹೇಳ್ಲಿ? ಬಾಯಿ ಹತ್ರಾನೂ ತಂದೆ.”

“ಆಮೇಲೆ?”

“ಅವತ್ತು ನೀನು ಬಸ್ಸು ಅನ್ನಿ ಅಂದಾಗ ಬಾಯಿ ನನ್ನ ಮಾತು ಕೇಳಲಿಲ್ಲವಲ್ಲ, ಅದು ನೆನಪಾಯ್ತು. ವಾಪಸ್ ಕೊಟ್ಟೆ. ಇಲ್ಲಿಗೆ ಬಂದು ನಲ್ಲಿ ಹತ್ರ ಕೂತು, ಕಾಯಿಸಿ ಆರಿಸಿ ತಂದಿದ್ದ ಉಪ್ಪುನೀರು ಅಷ್ಟನ್ನೂ ಮೂಗಿಗೆ ಹುಯ್ದೆ. ಕಂಡಕ್ಟರುಗಳೆಲ್ಲ ಸುತ್ತ ನಿಂತು ತಮಾಷೆ ನೋಡಿದ್ರು. ಆನೆಗೆ ಸ್ನಾನ ಮಾಡಿಸಿದ ಹಾಗೆ...” ಅವನು ಮೂಗೆಳೆದ. ಮತ್ತೊಮ್ಮೆ ಎಳೆದ. ಅಂಗಳದಲ್ಲಿ ಒಂದು ಗಾಡಿ ಶುರುವಾಗಿ ಹೊಗೆಯ ಮೋಡ ಇಬ್ಬರ ಮೇಲೂ ಹಾದುಹೋಯಿತು. “ಆದೆಗೆ ಸ್ದಾದ... ಥತ್. ಶುರುವಾಯ್ತು ದೋಡು.”

ಮಾತ್ರೆ ನುಂಗಿದ್ದರೆ ಸಂಜೆಯವರೆಗೆ ಹೀಗಾಗುತ್ತಿರಲಿಲ್ಲ. ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವಳು ಕಟ್ಟೆಯ ಮೇಲೆ ಕೂತು, ಅವನು ಅರ್ಧ ಬಿಟ್ಟ ಚಹಾವನ್ನು ಎತ್ತಿ ಕುಡಿದಳು. ಚಹಾ ಆರಿತ್ತು.

“ಇನ್ನು ದಿನಾ ಹಿಂಗೇ ಅಲ್ವಾ? ಸಲ್ಪ ಹೊತ್ತು ನ, ಆಮೇಲೆ ದ. ಜನ ಮತ್ತೆ ನಗ್ತಾರೆ. ದೂರು ಕೊಡ್ತಾರೆ.”

“ದಗಲಿ ಬಿಡೇ. ದೂರು ಬಂದ್ರೆ ಇದ್ದೊಂದ್ಸಲ ಕೂಗ್ತೀದಿ. ಯಂತ್ರ ಇದ್ದೊಂದ್ಸಲ ಕೂಗುತ್ತಾ?” ಕರವಸ್ತ್ರದಿಂದ ಮೂಗೊರೆಸಿಕೊಂಡು ಅವನು ಅಂಗಳದ ಕಡೆ ನೋಡುತ್ತಿದ್ದ. ಆಚೆ ಕಡೆ, ಯಾವ ಪ್ರಯಾಣಕ್ಕೂ ಅಲ್ಲದೆ ಡಿಪೋಗೆ ಹೊರಟಿದ್ದ ಒಂದು ಗಾಡಿಗೆ ಒಂದು ದೊಡ್ಡ ಸಂಸಾರ ಹಾಸಿಗೆ, ಪೆಟ್ಟಿಗೆ, ಅಜ್ಜಿ ಎಲ್ಲವನ್ನೂ ಹತ್ತಿಸತೊಡಗಿತ್ತು.

“ಅಲ್ರೀ, ಡಾಕ್ಟರಮ್ಮನ ಹತ್ರ ಬಿ.ಪಿ. ತೋರ್ಸೋಕೆ ನಾಳೆ...”

“ಬರ್ತೀದಿ, ಬರ್ತೀದಿ. ಬಿ.ಪಿ. ತೋರಿಸಿ, ಆಬೇಲೆ ಬೂಗಿದ ಡಾಕ್ಟರ್ ಹತ್ರಾದೂ ಹೋಗಿ, ಇದ್ದು ಬೇಲೆ ದಾದು ಯಾವತ್ತೂ...” ಅನ್ನುತ್ತಲೇ ಅವನು ಕೈ ಮೇಲೆತ್ತಿ, “ಅಜ್ಜೀ, ಹತ್ಬೇಡಿ, ಅದು ತೊಳೆಯೋಕೆ ಹೋಗೋ ಗಾಡಿ!” ಎಂದು ಕೂಗುತ್ತಾ, ಎಡಗಾಲು ತುಸು ಎಳೆಯುತ್ತಾ, ಅಂಗಳಕ್ಕೆ ಇಳಿದು, ಸಾಲಾಗಿ ನಿಂತ ಬಸ್ಸುಗಳ ನಡುವೆ ಮರೆಯಾದ.